ಧೂಳು ಓದುತ್ತಿದ್ದ ಡ್ರಾಯಿಂಗ್ ಮಾಸ್ತರರು

ಇಸವಿ ಎರಡು ಸಾವಿರದ ಇಪ್ಪತ್ತಮೂರು. ನನಗಾಗ ನಲವತ್ತೆಂಟು ತುಂಬಿ ನಲವತ್ತೊಂಬತ್ತು ನಡೆಯುತ್ತಿತ್ತು. ಸೇಡಮಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಚಿತ್ತಾಪುರದ ಮನೆಯಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಆ ವರ್ಷದ ಮಾರ್ಚ್ ಕೊನೆಗೆ ನಮ್ಮ ಡ್ರಾಯಿಂಗ್ ಮಾಸ್ತರರು ನಿವೃತ್ತರಾದರು. ಶಾಲು ಹೊದಿಸಿ, ಹಾರ ಹಾಕಿ, ಗೋಡೆ ಗಡಿಯಾರವೊಂದನ್ನು ಕೊಟ್ಟು ಕಳಿಸಿದೆವು. ಇನ್ನು ಗಂಟೆಯ ಹಂಗೇ ಇಲ್ಲದವರಿಗೆ ಗಡಿಯಾರವನ್ನು ಕೊಡುವುದು ನಮ್ಮ ಶಾಲೆಯ ಸಂಪ್ರದಾಯವಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಸೇಡಮಿನ ಅರ್ಧ ಊರು ಈ ಬರಹದಲ್ಲಿ ತಪ್ಪು ಹುಡುಕುತ್ತದೆ. ಉಳಿದ ಅರ್ಧ, ತನಗೆ ಗೊತ್ತಿರುವ ಕಥೆಯೇ ಸರಿಯಾದದ್ದೆಂದು ಸಾಧಿಸುತ್ತದೆ.

ಎತ್ತರದ ಆಳು. ಬಿಳಿ ಅಂಗಿಯ ಜೇಬಿನಲ್ಲಿ ಸದಾ ಒಂದು ಸುಣ್ಣದ ಕಡ್ಡಿ. ಬೋರ್ಡಿನ ಮೇಲೆ ಕೈವಾರವಿಲ್ಲದೆ, ಒಂದೇ ಉಸಿರಿನಲ್ಲಿ ವೃತ್ತವನ್ನು ಎಳೆಯುತ್ತಿದ್ದರು. ನಾನು ಒಮ್ಮೆ ಮೆಚ್ಚಿ ಮಾತಾಡಿದಾಗ ಅವರು ಹಿಂದೆ ಸರಿದು ನಿಂತು, ಕಣ್ಣು ಕಿರಿದು ಮಾಡಿ, "ಪೂರಾ ದುಂಡ ಆಗಿಲ್ರಿ ಸರ. ಆದ್ರ ನಿಮಗ ಗೊತ್ತಾಗಂಗಿಲ್ಲ" ಎಂದರು. ಆ ಮಾತಿನಲ್ಲಿ ವಿನಯವೆಷ್ಟು, ಅವಮಾನವೆಷ್ಟು ಎಂಬುದನ್ನು ನಾನು ಇಂದಿಗೂ ಬೇರ್ಪಡಿಸಿಲ್ಲ. "ಗೆರಿ ಖರೆ ಇರಬೇಕು, ಬಣ್ಣ ಯಾರು ಬೇಕಾದ್ರೂ ತುಂಬತಾರ" ಎಂಬುದು ಅವರ ನಿತ್ಯದ ಮಾತು. ಅದನ್ನು ಚಿತ್ರಕ್ಕೂ ಅನ್ವಯಿಸುತ್ತಿದ್ದರು, ಮನುಷ್ಯರಿಗೂ ಅನ್ವಯಿಸುತ್ತಿದ್ದರು, ಬದನೆಕಾಯಿಗೂ ಅನ್ವಯಿಸುತ್ತಿದ್ದರು.

ಎಲ್ಲವನ್ನೂ ಕಣ್ಣಿನಿಂದಲೇ ತೀರ್ಮಾನಿಸುವುದು ಅವರ ಪದ್ಧತಿ. ಒಂದು ಹಳೆಯ ಸ್ಕೂಟರನ್ನು ಅದರ ಮುಂಭಾಗದ ಬಾಗು ಚೆನ್ನಾಗಿದೆಯೆಂದು ಕೊಂಡರು. ಅದು ಮನೆಯ ಮುಂದೆ ನಿಂತು ಹನ್ನೊಂದು ವರ್ಷ ಚೆನ್ನಾಗಿ ಕಾಣಿಸಿತು. ಅದು ಓಡಿದ್ದನ್ನು ಮಾತ್ರ ನಾನು ನೋಡಿಲ್ಲ. ಇನ್ನೊಮ್ಮೆ ಊರಿನಲ್ಲಿ ಹೊಸದಾಗಿ ಬಾಗಿಲು ತೆರೆದ ಪತ್ತಿನ ಸಂಘವೊಂದರಲ್ಲಿ ನಮ್ಮ ಸಿಬ್ಬಂದಿಯೆಲ್ಲ ಠೇವಣಿ ಇಡಲು ಹೊರಟಾಗ, ಅವರೊಬ್ಬರು ಮಾತ್ರ ಅದರ ಹೆಸರು ಹಲಗೆಯ ಮುಂದೆ ನಿಂತು, "ಅಕ್ಷರಾ ಎಲ್ಲಾ ಒಂದ ಕಡೀಗೆ ವಾಲ್ಯಾವ. ಬರಿಸಿದಾಂವಗ ಓಡಿಹೋಗೂ ಅವಸರ ಅದ" ಎಂದು ಹಿಂದಿರುಗಿದರು. ಎರಡು ವರ್ಷಗಳ ಬಳಿಕ ಸಂಘಕ್ಕೆ ಬೀಗ ಬಿತ್ತು. ಸ್ಕೂಟರನ್ನು ಎಲ್ಲರೂ ಮರೆತರು. ಹಲಗೆಯನ್ನು ಯಾರೂ ಮರೆಯಲಿಲ್ಲ. ನಮ್ಮ ಭಾಗದಲ್ಲಿ ಭವಿಷ್ಯ ಹೇಳುವವನಿಗೆ ಒಂದು ಸಲ ನಿಜವಾದರೆ ಸಾಕು.

ಅವರ ಮನೆ ಊರಿನ ಅಂಚಿನಲ್ಲಿತ್ತು. ಅಲ್ಲಿಂದ ನೋಡಿದರೆ ಸಿಮೆಂಟ್ ಕಾರ್ಖಾನೆಯೊಂದರ ಚಿಮಣಿ ನೆಟ್ಟಗೆ ಕಾಣುತ್ತಿತ್ತು. ಮನೆಯ ಮುಂದೆ, ಬೇವಿನ ಗಿಡದ ಕೆಳಗೆ ಒಂದು ಕಟ್ಟೆ. ಅದರ ಮೇಲೆ ಶಹಾಬಾದಿನಿಂದ ತರಿಸಿದ ಒಂದೇ ತುಂಡಿನ ಫರಸಿ. ಉಜ್ಜಿ ನುಣುಪು ಮಾಡಿಸಿದ ಆ ಕರಿಬೂದು ಕಲ್ಲಿನ ಮೇಲೆ ರಾತ್ರಿಯಿಡೀ ಇಳಿದ ಬಿಳಿ ಧೂಳು ಮುಂಜಾನೆಗೆ ಹಾಳೆಯ ಹಾಗೆ ಹರಡಿರುತ್ತಿತ್ತು. ಮಾಸ್ತರರು ಎದ್ದವರೇ ಆ ಹಾಳೆಯ ಮೇಲೆ ತೋರುಬೆರಳಿನಿಂದ ಚಿತ್ರ ಬರೆಯುತ್ತಿದ್ದರು. ಒಂದು ದಿನ ನವಿಲು, ಒಂದು ದಿನ ಎತ್ತಿನ ಮೋರೆ, ಮುನಿದ ದಿನ ನಮ್ಮ ಮುಖ್ಯಾಧ್ಯಾಪಕರು. ಹಾದಿಯಲ್ಲಿ ಹೋಗುವವರು ನಿಂತು ನೋಡುವರು. ಎಂಟರ ಹೊತ್ತಿಗೆ ಅವರ ಹೆಂಡತಿ ಬಂದು, ನಲ್ಲಿಯ ಮೇಲೆ ಒಣಗಿ ಸೆಟೆದಿರುತ್ತಿದ್ದ ಅರಿವೆಯನ್ನು ತೋಯಿಸಿ, ನವಿಲೋ ಮುಖ್ಯಾಧ್ಯಾಪಕರೋ ಎಂಬ ಭೇದವಿಲ್ಲದೆ ಒರೆಸಿಬಿಡುವರು. ಮೂವತ್ತು ವರ್ಷಗಳ ದಾಂಪತ್ಯದ ನಡಾವಳಿ ಇದು: ಅವರು ಬರೆಯುವುದು, ಇವರು ಒರೆಸುವುದು.

ಆ ತಾಯಿಯನ್ನು ನಾನು ವೈನಿ, ಎಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಚಿಂಚೋಳಿಯ ಕಡೆಯವರು, ಮಾತಿನಲ್ಲಿ ಅಲ್ಲಲ್ಲಿ ತೆಲುಗು ಇಣುಕುತ್ತಿತ್ತು. ಒಬ್ಬಳೇ ಮಗಳನ್ನು ಚಿಂಚೋಳಿಗೇ ಕೊಟ್ಟಿದ್ದರು.

ನಮ್ಮದು ಖಾಸಗಿ ಶಾಲೆಯಾದ್ದರಿಂದ ಪಿಂಚಣಿ ಎಂಬುದಿರಲಿಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿ ಎರಡೂ ಕೂಡಿ ಮಾಸ್ತರರ ಕೈಗೆ ಎಂಟು ಲಕ್ಷ ಬಂತು. ಇನ್ನು ಮುಂದಿನ ಬದುಕಿಗೆಲ್ಲ ಅಷ್ಟೇ. ವೈನಿಯವರ ಯೋಚನೆ ಸರಳವಾಗಿತ್ತು: ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಬ್ಬರ ಹೆಸರಿನಲ್ಲಿ ಇಡುವುದು, ತಿಂಗಳಾ ತಿಂಗಳಾ ಬಡ್ಡಿಯನ್ನು ಎಣಿಸಿಕೊಳ್ಳುವುದು. ಬಹುಶಃ ಅದು ಹಾಗೆಯೇ ಆಗುತ್ತಿತ್ತು. ಆದರೆ ಅದೇ ಮೇ ತಿಂಗಳಿನಲ್ಲಿ, ಚಿಮಣಿಯ ಒಡೆಯರಾದ ಆ ಕಂಪನಿಯವರು ತಮ್ಮ ಷೇರುಗಳನ್ನು ಮೊದಲ ಬಾರಿಗೆ ಸಾರ್ವಜನಿಕರಿಗೆ ಮಾರುವುದಾಗಿ ಪ್ರಕಟಿಸಿದರು.

ಶಾಲೆಗೆ ಬೇಸಿಗೆಯ ರಜೆ. ನಮ್ಮ ಸಿಬ್ಬಂದಿ ಕೊಠಡಿ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಗೆ ವರ್ಗವಾಗಿತ್ತು. ಶಾಲೆಯ ದಾಖಲಾತಿ ಕೆಲಸಕ್ಕೆಂದು ಬರುತ್ತಿದ್ದ ನಾನೂ ಅಲ್ಲಿರುತ್ತಿದ್ದೆ. ಷೇರಿನ ವಾರ್ತೆಯನ್ನು ತಂದವರು ನಮ್ಮ ದೈಹಿಕ ಶಿಕ್ಷಣದ ಮಾಸ್ತರರು, ಎಂದರೆ ಪಿ.ಟಿ. ಮಾಸ್ತರರು. ಮೊಬೈಲನ್ನು ಎಲ್ಲರ ಮುಖದ ಮುಂದೆ ಹಿಡಿದರು.

"ಷೇರು ಇನ್ನೂ ಮಾರ್ಕೆಟಿಗೆ ಬಂದಿಲ್ಲ ಸರ, ಹೊರಗ ಅದಕ್ಕ ಈಗೇ ಡಬಲ್ ರೇಟ್ ನಡದದ."

"ಯಾರು ಹೇಳ್ಯಾರ?" ಎಂದರು ಡ್ರಾಯಿಂಗ್ ಮಾಸ್ತರರು.

"ಗ್ರೂಪಿನಾಗ ಬಂದದ. ಅದರಾಗ ಎಲ್ಲಾ ದೊಡ್ಡ ದೊಡ್ಡ ಮಂದಿ ಇದ್ದಾರ."

"ನೀ ಇದ್ದಿ ಅಲ್ಲ ಅದರಾಗ?"

"ಹೂಂ, ನಾನೂ ಇದ್ದೀನಿ."

"ಹಂಗಾದ್ರ ಎಲ್ಲಾರೂ ದೊಡ್ಡ ಮಂದಿ ಹ್ಯಾಂಗ ಆಗ್ತಾರ?"

ಅಂಗಡಿಯವನೂ ನಕ್ಕ. ಪಿ.ಟಿ. ಮಾಸ್ತರರು ನಗಲಿಲ್ಲ. ಅವರ ಮುಂದಿನ ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ.

"ನಗ್ರಿ. ಮೂವತ್ತು ವರ್ಷ ಆ ಕಂಪನಿ ಧೂಳಾ ತಿಂದೀವಿ. ಈಗ ಲಾಭ ಮುಂಬೈದವರು ತಿನ್ನಲಿ, ನಾವು ಕೆಮ್ಮಕೋತ ಕುಂದ್ರೂಣು."

ಡ್ರಾಯಿಂಗ್ ಮಾಸ್ತರರ ಕೈಯಲ್ಲಿದ್ದ ಚಹಾದ ಬಶಿ ಅಲ್ಲೇ ನಿಂತಿತು. ಊರಿನಲ್ಲಿ ಆ ವಾರ ಎಲ್ಲರನ್ನೂ ಹಿಡಿದದ್ದು ದುರಾಸೆಯಲ್ಲ, ಈ ಮಾತು. ಷೇರು ಕೊಳ್ಳುವುದು ಲಾಭಕ್ಕಿಂತ ಹೆಚ್ಚಾಗಿ ಒಂದು ಹಕ್ಕಿನ ವಸೂಲಿಯಂತೆ ಕಾಣತೊಡಗಿತು. "ಇಟ್ರ ಪೂರಾ ಇಡತೀನಿ. ಎಂಟಕ್ಕ ಎಂಟು" ಎಂದು ಮಾಸ್ತರರು ಘೋಷಿಸಿದರು. ಚಹಾ ಅಂಗಡಿಯಲ್ಲಿ ಹೇಳಿದ ಮಾತು ಸಂಜೆಯೊಳಗೆ ಸಂತೆ ಮುಟ್ಟಿತು; ಹಿಂದೆಗೆದುಕೊಳ್ಳುವ ಹಾದಿ ಮುಚ್ಚಿತು.

ಕಂಪನಿಯ ಪ್ರಸ್ತಾವ ಪತ್ರದ ಸಾರಾಂಶವನ್ನು ನಾನು ಪೂರ್ತಿ ಓದಿದೆ. ಊರಿನಲ್ಲಿ ಅದನ್ನು ಓದಿದವನು ಬಹುಶಃ ನಾನೊಬ್ಬನೇ. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಷೇರು, ಬಲಕ್ಕೆ ಅಂಚೆ ಎಂದು ಬರೆದು, ಎರಡರ ಗುಣದೋಷಗಳನ್ನು ಕ್ರಮವಾಗಿ ನಮೂದಿಸಿ, ಮಾಸ್ತರರ ಕೈಗಿತ್ತೆ. ಅವರು ಗೆರೆಯನ್ನು ನೋಡಿ, "ಭಾಳ ಸೀದಾ ಎಳದೀರಿ" ಎಂದು ಹೊಗಳಿ, ಹಾಳೆಯನ್ನು ಮಡಿಸಿ ಬೀಸಣಿಗೆ ಮಾಡಿಕೊಂಡರು. ಮೇ ತಿಂಗಳ ಸೇಡಮಿನಲ್ಲಿ ಅದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕೆ ಆಗುತ್ತಿರಲಿಲ್ಲವೆಂದು ಒಪ್ಪುತ್ತೇನೆ.

ಅವರ ಮನೆಯಲ್ಲಿ ನಡೆದ ಮಾತಿಗೆ ನಾನು ಸಾಕ್ಷಿ. ವೈನಿಯವರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಮಾತಿನ ನಡುವೆ ಆ ಸಪ್ಪಳ ನಿಲ್ಲುತ್ತಿರಲಿಲ್ಲ.

"ಏನ್ರಿ, ನಿಮ್ಮ ಷೇರು ಏರತಾವೋ ಇಳೀತಾವೋ ನನಗ ಬ್ಯಾಡ. ಒಂದನೇ ತಾರೀಖಿಗೆ ನನ್ನ ಕೈಯಾಗ ಏನು ಬರ್ತದ, ಅದೊಂದ ಹೇಳ್ರಿ."

"ತಿಂಗಳಾ ತಿಂಗಳಾ ಬರಂಗಿಲ್ಲ. ಆದ್ರ ಬಂದಾಗ ಒಮ್ಮೆಲೇ ಬರ್ತದ."

"ಹಸಿವಿ ದಿನಾ ಬರ್ತದಲ್ಲ. ಅದೂ ಒಮ್ಮೆಲೇ ಬಂದು ಹೋಗಲಿ ಅನ್ರಿ."

"ಲೇ, ದುಪ್ಪಟ್ಟು ಆದ್ರ ನಿನಗ ನಾಕು ಬಳಿ ಮಾಡಸ್ತೀನಿ."

"ಅರ್ಧ ಆದ್ರ? ಇದ್ದ ಎರಡು ಬಳಿ ಇಸಕೊಂಡು ಹೋಗ್ತೀರಿ. ಕೇಳ್ರಿ, ನೀವು ಇರೂತನಕ ನಡೀತದ. ನಾಳೆ ನಿಮಗ ಏನರ ಆಯ್ತಂದ್ರ ನಾ ಮಗಳ ಮನಿ ಹೊಸ್ತಿಲಾ ಹತ್ತಬೇಕು. ಅಳಿಯ ಒಳ್ಳೆಯವನೇ ಇದ್ದಾನ. ಅದಕ್ಕೇ ಹತ್ತಂಗಿಲ್ಲ."

ರೊಟ್ಟಿಯ ಸಪ್ಪಳ ನಿಂತದ್ದು ಆಗ. ಮಾಸ್ತರರು ಅಂಗಳಕ್ಕೆ ಎದ್ದುಹೋದರು. ಬಹಳ ಹೊತ್ತು ಕಟ್ಟೆಯ ಮುಂದೆ ನಿಂತು, ಒಳಗೆ ಕೇಳುವಷ್ಟು ಗಟ್ಟಿಯಾಗಿ ತಮ್ಮ ಸಿದ್ಧಾಂತವನ್ನು ಹೊರಡಿಸಿದರು.

"ಕಾಗದಾ ಸುಳ್ಳು ಹೇಳ್ತದ, ಗ್ರೂಪೂ ಸುಳ್ಳು ಹೇಳ್ತದ. ಧೂಳಾ ಸುಳ್ಳು ಹೇಳಂಗಿಲ್ಲ. ಕಂಪನಿ ಜೋರ್ ನಡದ್ರ ಧೂಳಾ ದಪ್ಪ, ತಣ್ಣಗಾದ್ರ ತೆಳ್ಳಗ. ನಾಳಿಯಿಂದ ಅರ್ಜಿ ಕಡೀ ದಿನದ ತನಕ ದಿನಾ ಮುಂಜಾನಿ ಈ ಕಲ್ಲ ನೋಡ್ತೀನಿ. ದಪ್ಪ ಇತ್ತಂದ್ರ ಷೇರು. ತೆಳ್ಳಗ ಇತ್ತಂದ್ರ ಪೋಸ್ಟ್ ಆಫೀಸು. ಕೇಳಸ್ತೇನು?"

"ಕೇಳಸ್ತು" ಎಂದು ಒಳಗಿನಿಂದ ಉತ್ತರ ಬಂತು. ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು.

ಗಾಳಿಯ ದಿಕ್ಕು ಬದಲಾದರೂ ಧೂಳು ಬದಲಾಗುತ್ತದೆ. ಯಂತ್ರಕ್ಕೆ ಒಳ್ಳೆಯ ಜಾಲರಿ ಹಾಕಿದರೆ ಲಾಭವಿದ್ದೂ ಧೂಳಿರುವುದಿಲ್ಲ. ನಾನು ಇದನ್ನೆಲ್ಲ ವಿವರಿಸಿದೆ. ಯಾರೂ ಲಕ್ಷ್ಯ ಕೊಡಲಿಲ್ಲ. ಹೆಸರು ಹಲಗೆಯನ್ನು ಓದಿ ಪತ್ತಿನ ಸಂಘವನ್ನು ಮುಳುಗಿಸಿದ ಕಣ್ಣು ಅದು ಎಂದು ಚಹಾ ಅಂಗಡಿ ಪಕ್ಷ ವಹಿಸಿತು. ಅಲ್ಲಿಂದ ಮುಂದೆ ಬೆಳಿಗ್ಗೆ ಬೆಳಿಗ್ಗೆ "ಇವತ್ತ ಧೂಳಾ ಹ್ಯಾಂಗ ಅದ?" ಎಂಬುದೇ ಊರಿನ ಕುಶಲಪ್ರಶ್ನೆ. ಮಾಸ್ತರರ ವರದಿ ದಿನದಿಂದ ದಿನಕ್ಕೆ ಬಡವಾಗುತ್ತಿತ್ತು. ಮೊದಲ ದಿನ "ಸಾಧಾರಣ," ಮರುದಿನ "ತೆಳ್ಳಗ," ಆಮೇಲೆ "ನವಿಲಿಗೆ ಬಾಲಾ ಮೂಡವಲ್ದು." ಪಿ.ಟಿ. ಮಾಸ್ತರರು ಕಳವಳಗೊಂಡು ತಮ್ಮ ಮನೆಯ ಗೋಡೆಯನ್ನೂ ಸವರಿ ನೋಡಿಕೊಂಡರಂತೆ. ಅಲ್ಲಿ ಮಾತ್ರ ಧೂಳು ಯಥೇಚ್ಛವಾಗಿತ್ತು. ಕೈಯನ್ನು ತಂದು ತೋರಿಸಿದರು. "ಅದು ನಿನ್ನ ಮನಿ ಕಸಾ ಹುಡಗಿಲ್ಲ ಅಂತ ಹೇಳ್ತದ, ಕಂಪನಿದಲ್ಲ" ಎಂದರು ಮಾಸ್ತರರು.

ಅರ್ಜಿಯ ಕೊನೆಯ ದಿನ ಬ್ಯಾಂಕಿಗಾಗಲಿ ಅಂಚೆ ಕಚೇರಿಗಾಗಲಿ ಹೋಗಲು ಜೊತೆಗಿರಬೇಕೆಂದು ಮಾಸ್ತರರು ನನಗೆ ಹೇಳಿದ್ದರು. ಮೊದಲ ಗಾಡಿಗೇ ಬಂದೆ. ಆಗಿನ್ನೂ ನಸುಕು. ಬೇಸಿಗೆಯಲ್ಲಿ ಅವರು ಮಾಳಿಗೆಯ ಮೇಲೆ ಮಲಗುವವರು. ಮೇಲಿನಿಂದ ಮಾಸ್ತರರ ಗೊರಕೆ ಕೇಳುತ್ತಿತ್ತು, ಸ್ವಲ್ಪ ಹೆಚ್ಚೇ ಕ್ರಮಬದ್ಧವಾಗಿ. ಬಾಗಿಲು ತೆರೆದಿತ್ತು. ವೈನಿಯವರು ಅಂಗಳಕ್ಕೆ ಬಂದರು, ಕಟ್ಟೆಯ ಮೂಲೆಯಲ್ಲಿದ್ದ ಒದ್ದೆ ಅರಿವೆಯನ್ನು ಎತ್ತಿಕೊಂಡು ಇಡೀ ಕಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒರೆಸಿದರು. ರಾತ್ರಿಯ ಧೂಳೆಲ್ಲ ಅರಿವೆಗೆ ಬಂತು. ಇನ್ನು ಮಾಸ್ತರರು ಏಳುವವರೆಗೆ ಬಿದ್ದಷ್ಟೇ ಧೂಳು. ತಿರುಗಿದಾಗ ಬೇಲಿಯಾಚೆ ನಾನು ಕಂಡೆ.

ಅವರು ಗಾಬರಿಯಾಗಲಿಲ್ಲ. "ಸರ, ನೀವು ಈಗ ಬಂದಿಲ್ಲ" ಎಂದರು. "ಇನ್ನರ್ಧಾ ತಾಸು ಬಿಟ್ಟು ಬರ್ತೀರಿ. ಆವಾಗ ಚಾ ಮಾಡ್ತೀನಿ."

ನಾನು ರಸ್ತೆಯ ತಿರುವಿನವರೆಗೆ ಹೋಗಿ, ಅಲ್ಲಿ ನಿಂತಿದ್ದು, ಹೇಳಿದ ಹೊತ್ತಿಗೆ ಬಂದೆ.

ಮಾಸ್ತರರು ಎದ್ದು ಬಂದರು. ಕಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲನ್ನು ಓರೆಯಾಗಿ ನೋಡಿದರು; ಅಲ್ಲಿ ಹಾಲಿನ ಕೆನೆಯೂ ಅಲ್ಲ, ಕೆನೆಯ ನೆರಳಿನಷ್ಟು ಧೂಳು. ಬೆರಳಿಟ್ಟು ನಾಲ್ಕು ಗೆರೆ ಎಳೆದರು, ಮೇಲೊಂದು ಬಾಗು, ನಡುವೊಂದು ಸೀಳು. ಒಂದು ಅಂಚೆ ಪೆಟ್ಟಿಗೆ.

"ಕಂಪನಿ ತಣ್ಣಗಾಗ್ಯದ" ಎಂದು ಎದ್ದರು. "ನಡೀರಿ ಸರ."

ಅಂಚೆ ಕಚೇರಿಯಲ್ಲಿ ಇಬ್ಬರೂ ಸಹಿ ಮಾಡಿದರು. ವೈನಿಯವರ ಮುಖದಲ್ಲಿ ಗೆಲುವಿನ ಗೆರೆಯೊಂದೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಒರೆಸಿದ್ದರು.

ಮುಂದಿನದು ಊರಿಗೆಲ್ಲ ಗೊತ್ತಿರುವ ಕಥೆ. ಷೇರು ಮಾರುಕಟ್ಟೆಗೆ ಬಂದ ದಿನವೇ ಜಿಗಿಯಿತು. ಪಿ.ಟಿ. ಮಾಸ್ತರರು ಪೇಢೆ ಹಂಚಿದರು. ವಿಚಾರಿಸಿದರೆ ಅವರಿಗೇ ಒಂದು ಷೇರೂ ಸಿಕ್ಕಿರಲಿಲ್ಲ. ಬೇಡಿದವರು ವಿಪರೀತ ಹೆಚ್ಚಾದ್ದರಿಂದ ಕಂಪನಿಯವರು ಚೀಟಿ ಎತ್ತಿದ ಹಾಗೆ ಹಂಚಿದ್ದರು. ಅದೃಷ್ಟವಿದ್ದವರಿಗೂ ಒಂದು ಸಣ್ಣ ಪಾಲು. ಎಂಟು ಲಕ್ಷಕ್ಕೆ ಅರ್ಜಿ ಹಾಕಿದ್ದರೂ ಹೆಚ್ಚಿನ ಹಣ ಬ್ಯಾಂಕಿನಲ್ಲೇ ಉಳಿಯುತ್ತಿತ್ತು. ಎಂದರೆ, ಒಂದು ಮನೆಯ ರೊಟ್ಟಿಯ ಸಪ್ಪಳವನ್ನು ನಿಲ್ಲಿಸಿದ ಆ ಮಹಾ ಅಪಾಯವು ಯಾರಿಗೂ ಪೂರ್ತಿಯಾಗಿ ಲಭ್ಯವೇ ಇರಲಿಲ್ಲ. ಇದನ್ನೂ ನಾನು ವಿವರಿಸಿದೆ. ಚಹಾ ಅಂಗಡಿಗೆ ಈ ವಿವರ ರುಚಿಸಲಿಲ್ಲ. "ಎಂಟರದು ಹದಿನಾಲ್ಕು ಆಗ್ತಿತ್ತು. ಆರು ಲಕ್ಷ ಕಳಕೊಂಡ್ರು ನೋಡ್ರಿ ಮಾಸ್ತರು" ಎಂದು ಲೆಕ್ಕ ಹಾಕಿ ಮರುಗಿತು. ಮಾಸ್ತರರಿಗೂ ನನ್ನ ವಿವರ ಬೇಕಿರಲಿಲ್ಲ. ತಮ್ಮ ಬಳಿ ಎಂದೂ ಇರದಿದ್ದ ಆರು ಲಕ್ಷವನ್ನು ಕಳೆದುಕೊಂಡವರೆಂಬ ಗೌರವ ಅವರಿಗೆ ಒಂದು ತೂಕವನ್ನು ಕೊಟ್ಟಿತ್ತು. "ಹೋಗಲಿ ಬಿಡ್ರಿ, ರೊಕ್ಕ ಬರ್ತದ, ಹೋಗ್ತದ" ಎಂದು, ನಿಜಕ್ಕೂ ಬಂದು ಹೋದ ಹಾಗೆಯೇ ಹೇಳುತ್ತಿದ್ದರು.

ಮರುವರ್ಷ ಅದೇ ಷೇರು ಕಂಪನಿ ಮೊದಲು ಮಾರಿದ ಬೆಲೆಗಿಂತ ಕೆಳಗಿಳಿಯಿತು. ಈಗ ಮಾಸ್ತರರು ಜ್ಞಾನಿಗಳಾದರು. ನಿವೃತ್ತಿಯ ಅಂಚಿನಲ್ಲಿದ್ದವರು ಹುಡುಕಿಕೊಂಡು ಬಂದರು. ವಾಡಿಯಿಂದ ಒಬ್ಬರು ತಮ್ಮ ಕಿಟಕಿಯ ಧೂಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಬಂದು ಬೇರೊಂದು ಕಂಪನಿಯ ಷೇರು ಕೊಳ್ಳಬಹುದೇ ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಮಾಸ್ತರರು ಪೊಟ್ಟಣ ಬಿಚ್ಚಿ, ಮೂಸಿ, ಗಂಭೀರವಾಗಿ, "ಇದರಾಗ ಅರಶಿಣ ಕಲ್ತದ. ಮೊದಲ ಕಿಟಕಿ ಅಡಗಿಮನಿಯಿಂದ ದೂರ ಮಾಡ್ರಿ" ಎಂದು ಕಳಿಸಿದರು. ಒಬ್ಬರಿಗಾದರೂ ಕೊಳ್ಳಿರೆಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಎಲ್ಲರ ಧೂಳೂ ಅವರಿಗೆ ತೆಳ್ಳಗೇ ಕಂಡಿತು.

ಆಮೇಲೆ ಷೇರು ಮತ್ತೆ ಏರಿತು, ಅವರು ಮತ್ತೆ ದಡ್ಡರಾದರು. ಈ ಏರಿಳಿತಗಳ ನಡುವೆ ಪ್ರತಿ ತಿಂಗಳೂ ಬಡ್ಡಿ ಬರುತ್ತಿತ್ತು, ಒಂದು ರೂಪಾಯಿ ಹೆಚ್ಚಿಲ್ಲದೆ, ಒಂದು ರೂಪಾಯಿ ಕಡಿಮೆಯಿಲ್ಲದೆ. ಅದರ ಬಗ್ಗೆ ಚಹಾ ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡುವುದಕ್ಕೆ ಅದರಲ್ಲಿ ಏನಿತ್ತು?

ಕಳೆದ ವರ್ಷದ ಡಿಸೆಂಬರಿನಲ್ಲಿ ಮಾಸ್ತರರು ತೀರಿಕೊಂಡರು. ಮುಂಜಾನೆ ಕಟ್ಟೆಗೆ ಹೋದವರು ಚಹಾಕ್ಕೆ ಬರಲಿಲ್ಲವೆಂದು ವೈನಿಯವರು ಹೊರಗೆ ಬಂದು ನೋಡಿದರಂತೆ. ಕಲ್ಲಿನ ಮೇಲೆ ಅರ್ಧ ವೃತ್ತವಿತ್ತು. ಆ ದಿನ ಅದನ್ನು ಒರೆಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಮಣ್ಣು ಕೊಡಲು ಬಂದ ಜನ ಅದರ ಮೇಲೆಯೇ ಕುಳಿತರು.

ನಾನು ಆ ಹೊತ್ತಿಗೆ ಶಾಲೆಯನ್ನು ಬಿಟ್ಟು ಚಿತ್ತಾಪುರದ ಕೋರ್ಟಿನ ಬಳಿ ಕಾಗದಪತ್ರಗಳನ್ನು ಅನುವಾದಿಸುವ ಕೆಲಸ ಹಿಡಿದಿದ್ದೆ. ಅಂಚೆ ಕಚೇರಿಯ ಖಾತೆಯನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಬೇಕು, ಜೊತೆಗೆ ಬರಬೇಕೆಂದು ವೈನಿಯವರು ಹೇಳಿಕಳಿಸಿದರು. ಮರಣ ಪ್ರಮಾಣಪತ್ರದ ಪ್ರತಿಗಳನ್ನು ತೆಗೆಸಿ, ಅರ್ಜಿಯನ್ನು ನಾನೇ ತುಂಬಿ, ಸೇಡಮಿಗೆ ಹೋದೆ. ಗುಮಾಸ್ತರು ಕೂರಲು ಹೇಳಿದರು. ಬೆಂಚಿನ ಮೇಲೆ ಕೂತೆವು.

ಅಷ್ಟರಲ್ಲಿ ಪಿ.ಟಿ. ಮಾಸ್ತರರ ಫೋನು ಬಂತು. ಆ ಷೇರು ಅಂದು ಹಿಂದೆಂದೂ ಮುಟ್ಟದ ಎತ್ತರವನ್ನು ಮುಟ್ಟಿತ್ತು. ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿದೆ.

"ಇದ್ದಿದ್ರ ಖುಷಿಪಡ್ತಿದ್ರು" ಎಂದರು ವೈನಿ. "ಇನ್ನೂ ಭಾಳ ಕಳಕೊಂಡೀನಿ ಅಂತ ಊರ ತುಂಬ ಹೇಳ್ತಿದ್ರು."

ಬೆಂಚಿನ ಮೇಲೆ ನನ್ನ ಕಡೆ ತಿರುಗಿ ಕೂತರು.

"ಸರ, ಆವತ್ತ ನಸಿಕಿನಾಗ ನೀವು ಬಂದಾಗ ನನ್ನ ಕೈಯಾಗ ಅರಿವಿ ಇತ್ತಲ್ಲ. ಅದನ್ನ ತೋಯಿಸಿದವರು ಯಾರು?"

"ನೀವೇ ತೋಯಿಸಿರಬೇಕು."

"ನಾ ತೋಯಿಸಿಲ್ಲ. ನಲ್ಲಿಮ್ಯಾಲ ಹಾಕಿದ ಅರಿವಿ ರಾತ್ರಿಯಾಗ ಹಪ್ಪಳಾಗ್ತದ, ನೀವು ನೋಡೀರಿ. ಆ ವಾರ ಮೊದಲನೇ ದಿನ ನಾ ಹುಡುಕಲಿಕ್ಕೆ ಹೋದ್ರ ಅದು ನಲ್ಲಿಮ್ಯಾಲ ಇಲ್ಲ. ಕಟ್ಟಿಮ್ಯಾಲ ಅದ. ತೋಯಿಸಿ, ಒಣಗಬಾರದಂತ ದಪ್ಪಗ ಮಡಚಿ ಇಟ್ಟಂಗದ. ದಿನಾ ಹಂಗೇ ಇತ್ತು. ನನಗ ನನ್ನ ಕಳ್ಳತನದ್ದೇ ಫಿಕರ; ಇದನ್ನ ಯಾರು ವಿಚಾರ ಮಾಡ್ತಾರ? ಮೊನ್ನೆ ಕಟ್ಟಿ ಒರಸಲಿಕ್ಕೆ ಹೋದೆ. ಅರಿವಿ ಕೈಯಾಗ ಹಿಡದ್ರ ಪಟಪಟ ಅಂತು. ಆವಾಗ ತಲಿಗೆ ಹೊಳೀತು. ರಾತ್ರಿ ಬಾಗಿಲಾ ಹಾಕಿ ಕಡೀಗೆ ಮಾಳಗಿಗೆ ಬರೋರು ಇವರೇ."

"ಇಬ್ಬನಿ ಬಿದ್ದಿರಬಹುದು" ಎಂದೆ.

"ಮೇ ತಿಂಗಳದಾಗ?" ಎಂದರು ವೈನಿ. "ಸೇಡಮಿನಾಗ?"

ಮಾಸ್ತರರು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಗುಮಾಸ್ತರು ಕರೆದರು. ಒಬ್ಬರ ಹೆಸರಿನ ಮೇಲೆ ಗೆರೆ ಎಳೆದು, ಉಳಿದ ಹೆಸರಿಗೆ ಮುದ್ರೆ ಒತ್ತಿ ಪಾಸ್‌ಬುಕ್ಕನ್ನು ಕೊಟ್ಟರು. ತಿಂಗಳ ಬಡ್ಡಿ ಇನ್ನು ಮೇಲೆ ಅವರೊಬ್ಬರದು. ವೈನಿಯವರು ಆ ಗೆರೆಯನ್ನು ಓರೆಯಾಗಿ ಹಿಡಿದು ನೋಡಿ, "ಸೀದಾ ಎಳದಿಲ್ಲ" ಎಂದರು.

ಎಂಟು ಲಕ್ಷವನ್ನು ಅಂಚೆ ಕಚೇರಿಯಲ್ಲಿ ಇಡಿಸಿದ್ದು ಧೂಳೆಂದು ಊರು ನಂಬಿತ್ತು, ವೈನಿಯವರೆಂದು ನಾನು ನಂಬಿದ್ದೆ. ಅದು ಯಾರ ತೀರ್ಮಾನವೆಂಬುದು ಇತ್ಯರ್ಥವಾದದ್ದು ಎರಡು ಸಾವಿರದ ಇಪ್ಪತ್ತಾರನೆಯ ಇಸವಿಯ ಫೆಬ್ರವರಿ ತಿಂಗಳ ಹನ್ನೆರಡನೆಯ ತಾರೀಖು, ಗುರುವಾರ.